ತೊಡೆಯೊಳಗೊಂದು ಮಾವಿನ ಓಟೆ: ಒಬ್ಬ ಕಬಡ್ಡಿ ಹುಡುಗನ ಏಳು ತಿಂಗಳು

"ಸಾ, ಒಸಿ ಗಟ್ಟಿಯಾಗಿ ತಿಕ್ಬುಡಿ. ಗಂಟು ಕರಗೋದ್ರೆ ಸಾಕು. ಮುಂದಿನ ತಿಂಗ್ಳು ಟೂರ್ನಮೆಂಟ್ ಅದೆ."

ನನ್ನ ಕ್ಲಿನಿಕ್ಕಿನ ಮಂಚದ ಮೇಲೆ ಕೂರುತ್ತಲೇ ಹುಡುಗ ಹೇಳಿದ ಮೊದಲ ಮಾತು ಇದು. ವಯಸ್ಸು 19, ಡಿಗ್ರಿ ಎರಡನೇ ವರ್ಷ, ಮದ್ದೂರು ಕಡೆಯವನು. ಮನೆಯಲ್ಲಿ ಕಬ್ಬಿನ ಗದ್ದೆ. ಊರಿನ ಕಬಡ್ಡಿ ತಂಡದಲ್ಲಿ ರೈಡರ್. ಜೊತೆಗೆ ಅವನ ಅವ್ವ ಬಂದಿದ್ದರು. ಹುಡುಗನ ಬಲಗಾಲು ಮಂಚದಿಂದ ಆಚೆಗೆ ಕೋಲಿನ ಹಾಗೆ ನೆಟ್ಟಗೆ ಚಾಚಿತ್ತು. ಮಡಿಸು ಅಂದೆ. ಸ್ವಲ್ಪ ಮಡಿಸಿ ಹಲ್ಲು ಕಚ್ಚಿದ. ಕೀಲಿನ ಕೋನ ಅಳೆಯುವ ಗೋನಿಯೋಮೀಟರ್ ಇಟ್ಟು ಅಳೆದೆ (ಕಾಲು ನೆಟ್ಟಗಿದ್ದರೆ ಸೊನ್ನೆ, ಮಡಿಸಿದಷ್ಟೂ ಅಂಕ ಏರುತ್ತದೆ): 55 ಡಿಗ್ರಿ. ಎಡಗಾಲು ಸಲೀಸಾಗಿ 140ಕ್ಕೆ ಹೋಗುತ್ತಿತ್ತು.

ಮೈಸೂರಿನಲ್ಲಿ ಫಿಸಿಯೋಥೆರಪಿ ಮತ್ತು ಸ್ಪೋರ್ಟ್ಸ್ ಮಸಾಜ್ ಮಾಡಿಕೊಂಡಿರುವ ನನಗೆ ಮಸಾಜೇ ಅನ್ನ. ಈ ಪ್ರಕರಣದಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಮಾತ್ರ ಆ ತೊಡೆಯನ್ನು ಮುಟ್ಟದೆ ಬಿಟ್ಟಿದ್ದು. ಒಂದು ಸಲ ಅದನ್ನೂ ಮರೆತು ತಪ್ಪು ಮಾಡಿದೆ. ಅದನ್ನೂ ಬರೆಯುತ್ತೇನೆ. ಹುಡುಗ ಮತ್ತು ಮನೆಯವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಆ ರಾತ್ರಿ ಆಗಿದ್ದು

ಸಂಕ್ರಾಂತಿ ಆದ ಮೇಲಿನ ಭಾನುವಾರ. ಪಕ್ಕದ ಊರಲ್ಲಿ ಹೊನಲು ಬೆಳಕಿನ ಕಬಡ್ಡಿ. ಇವನು ಬೋನಸ್ ಗೆರೆ ದಾಟಿ ವಾಪಸ್ ತಿರುಗುವಾಗ ಡಿಫೆಂಡರ್ ಒಬ್ಬ ಅಡ್ಡ ನುಗ್ಗಿದ. ಅವನ ಮಂಡಿ ಇವನ ಬಲತೊಡೆಯ ಮುಂಭಾಗಕ್ಕೆ, ಸರಿಯಾಗಿ ನಡುಮಧ್ಯಕ್ಕೆ ಬಡಿಯಿತು. ತೊಡೆ ಮರಗಟ್ಟಿದ ಹಾಗಾಯಿತು. ಯಾರೋ ತಣ್ಣೀರು ಸುರಿದರು, ಯಾರೋ ಸ್ಪ್ರೇ ಹೊಡೆದರು. ಮೈ ಬಿಸಿ ಇತ್ತಲ್ಲ, ಇನ್ನೂ ಎರಡು ರೈಡ್ ಹೋಗಿ ಬಂದ. ಪಂದ್ಯವನ್ನೂ ಗೆದ್ದರು.

ತೊಡೆಯ ಮುಂದೆ ನಾಲ್ಕು ಸ್ನಾಯುಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಒಳಗಿನದು ನೇರ ತೊಡೆಮೂಳೆಯ ಮೇಲೇ ಮಲಗಿರುತ್ತದೆ. ಹೊರಗಿನಿಂದ ಮಂಡಿ ಬಂದು ಗುದ್ದಿದಾಗ ಒಳಗಿನ ಸ್ನಾಯು ಒರಳಿಗೂ ಗುಂಡುಕಲ್ಲಿಗೂ ನಡುವೆ ಸಿಕ್ಕ ಹಾಗೆ ಜಜ್ಜಿಹೋಗುತ್ತದೆ. ಚರ್ಮದ ಮೇಲೆ ಗಾಯವೇ ಕಾಣುವುದಿಲ್ಲ. ಒಳಗೆ ರಕ್ತ ಸೋರುತ್ತಾ ಇರುತ್ತದೆ. ಆಟ ಮುಂದುವರಿಸಿದರೆ ಇನ್ನೂ ಸೋರುತ್ತದೆ.

ಮನೆಗೆ ಬಂದಾಗ ರಾತ್ರಿ ಒಂದು ಗಂಟೆ. ದೊಡ್ಡಪ್ಪ ಎಚ್ಚರವಿದ್ದರು. ಹರೆಯದಲ್ಲಿ ಗರಡಿಯಲ್ಲಿ ಸಾಮು ಮಾಡಿದವರು. ಊರಲ್ಲಿ ಯಾರಿಗೆ ಉಳುಕಿದರೂ ಅವರ ಕೈಯೇ ಬೇಕು. ದುಡ್ಡು ಮುಟ್ಟುವವರಲ್ಲ. "ರಕ್ತ ಕಟ್ಟದೆ, ಕರಗಿಸ್ಬೇಕು" ಅಂತ ಎಳ್ಳೆಣ್ಣೆ ಬಿಸಿ ಮಾಡಿ ಅರ್ಧ ಗಂಟೆ ತಿಕ್ಕಿದರು. ಆಮೇಲೆ ಉಪ್ಪಿನ ಗಂಟಿನ ಶಾಖ. ಮಾರನೇ ದಿನ ತೊಡೆ ಊದಿಕೊಂಡು ಪ್ಯಾಂಟ್ ಏರಲಿಲ್ಲ. ಊತ ಜಾಸ್ತಿ ಆಯಿತು ಅಂತ ತಿಕ್ಕುವುದೂ ಜಾಸ್ತಿ ಆಯಿತು. ಐದು ದಿನ, ದಿನಕ್ಕೆ ಎರಡು ಸಲ. ಹುಡುಗ ಬಾಯಿಗೆ ಟವೆಲ್ ಕಚ್ಚಿಕೊಂಡು ಮಲಗುತ್ತಿದ್ದನಂತೆ.

ಎರಡು ವಾರಕ್ಕೆ ನೋವು ಒಂದಿಷ್ಟು ಇಳಿಯಿತು. ಮೆಡಿಕಲ್ ಶಾಪಿನ ಮಾತ್ರೆ ನುಂಗಿ 18ನೇ ದಿನ ಪ್ರಾಕ್ಟೀಸಿಗೆ ಇಳಿದ. ಅದೇ ಜಾಗಕ್ಕೆ ಇನ್ನೊಂದು ಸಣ್ಣ ಏಟು. ಆಮೇಲೆ ಮಂಡಿ ಮಡಿಸುವುದೇ ಕಷ್ಟವಾಯಿತು. 24ನೇ ದಿನ ನನ್ನ ಹತ್ತಿರ ಬಂದ.

ಕೈಗೆ ಸಿಕ್ಕಿದ್ದು

ತೊಡೆಯ ಮೇಲೆ ಅಂಗೈ ಇಟ್ಟೆ. ಮೊದಲು ಗೊತ್ತಾಗಿದ್ದು ಬಿಸಿ. ಎಡತೊಡೆಗಿಂತ ಆ ಜಾಗ ಸ್ಪಷ್ಟವಾಗಿ ಬೆಚ್ಚಗಿತ್ತು. ಬೆರಳು ನಿಧಾನಕ್ಕೆ ಇಳಿಸಿದರೆ ಒಳಗೆ ಗಟ್ಟಿ ಗಂಟು. ಉದ್ದಕ್ಕೆ, ಚಪ್ಪಟೆಗೆ, ಥೇಟ್ ಮಾವಿನ ಓಟೆ. ಸ್ನಾಯು ಬಿಗಿದುಕೊಂಡರೆ ಹೀಗಿರುವುದಿಲ್ಲ. ಬಿಗಿದ ಸ್ನಾಯುವನ್ನು ಅರ್ಧ ನಿಮಿಷ ಒತ್ತಿಹಿಡಿದರೆ ಸ್ವಲ್ಪವಾದರೂ ಸಡಿಲ ಬಿಡುತ್ತದೆ. ಇದು ಒಂದಿಷ್ಟೂ ಬಿಡಲಿಲ್ಲ. ನಾನೂ ಮುಂದೆ ಒತ್ತಲಿಲ್ಲ.

ಇಂಥ ಏಟಿಗೆ ಒಂದು ಸರಳ ಲೆಕ್ಕ ಇದೆ. ಏಟು ಬಿದ್ದು ಒಂದೆರಡು ದಿನದಲ್ಲಿ ಮಂಡಿ 90 ಡಿಗ್ರಿ ದಾಟಿ ಮಡಿಸಿದರೆ ಸಣ್ಣ ಏಟು. 45ರಿಂದ 90ರೊಳಗೆ ನಿಂತರೆ ಮಧ್ಯಮ. 45ಕ್ಕಿಂತ ಕಡಿಮೆ ಇದ್ದರೆ ಜೋರು ಏಟು. ಇವನು ಮೂರು ವಾರ ದಾಟಿಯೂ 55ರಲ್ಲಿದ್ದ. ಈ ಹೊತ್ತಿಗೆ ಅಂಕ ಏರಬೇಕಿತ್ತು. ಇವನದ್ದು ಇಳಿದಿತ್ತು.

"ಇವತ್ತು ಮಸಾಜ್ ಇಲ್ಲ. ಮೊದಲು ಎಕ್ಸ್‌ರೇ" ಅಂದೆ. ಹುಡುಗನ ಮುಖ ಇಳಿಯಿತು. ಅಷ್ಟು ದೂರದಿಂದ ಬಸ್ಸಿನಲ್ಲಿ ಬಂದವನಿಗೆ ಮಸಾಜ್ ಇಲ್ಲ ಅಂದರೆ ಬೇಜಾರಾಗದೆ ಇರುತ್ತಾ?

ಎಕ್ಸ್‌ರೇಯಲ್ಲಿ ತೊಡೆಮೂಳೆಯ ಮುಂದೆ, ಸ್ನಾಯುವಿನ ಜಾಗದಲ್ಲಿ, ಮೋಡದ ತುಣುಕಿನ ಹಾಗೆ ಒಂದು ಬಿಳಿ ಛಾಯೆ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ. ಮಯೋಸೈಟಿಸ್ ಆಸಿಫಿಕಾನ್ಸ್, ಅಂದರೆ ಸ್ನಾಯುವಿನೊಳಗೆ ಮೂಳೆ ಕಟ್ಟುತ್ತಿದೆ ಅಂತ ಹೇಳಿ ಕಳಿಸಿದರು.

ಅವ್ವ ಕೇಳಿದ ಪ್ರಶ್ನೆ ಯಾವ ವಿದ್ಯಾರ್ಥಿಯೂ ನನಗೆ ಕೇಳಿರಲಿಲ್ಲ: "ಮಾಂಸದೊಳಗೆ ಮೂಳೆ ಎಂಗ್ ಬೆಳೀತದೆ ಸಾ? ಬಿತ್ತನೆ ಯಾರು ಮಾಡುದ್ರು?"

ನಾನು ಹೇಳಿದ್ದು ಇಷ್ಟು. ಏಟು ಬಿದ್ದ ಜಾಗಕ್ಕೆ ರಿಪೇರಿಗೆ ಅಂತ ದೇಹ ಎಳೇ ಕಣಗಳನ್ನು ಕಳಿಸುತ್ತದೆ. ಅವು ಇನ್ನೂ ಏನೂ ಆಗಿರದ ಕಣಗಳು. ಸ್ನಾಯುವಿನ ಗಾಯ ಮುಚ್ಚುವುದಕ್ಕೆ ಬಂದ ಇವುಗಳಲ್ಲಿ ಕೆಲವು ದಾರಿ ತಪ್ಪಿ ಮೂಳೆ ಕಟ್ಟುವ ಕೆಲಸಕ್ಕೆ ಇಳಿಯುತ್ತವೆ. ರಕ್ತ ಜಾಸ್ತಿ ಸೋರಿದಷ್ಟೂ, ಮಾಯುವ ಜಾಗವನ್ನು ಮತ್ತೆ ಮತ್ತೆ ಕೆದಕಿದಷ್ಟೂ ಈ ಅಪಾಯ ಹೆಚ್ಚು. ಅದಕ್ಕೇ ಜಜ್ಜಿದ ತೊಡೆಗೆ ಮೊದಲ ಎರಡು ಮೂರು ದಿನ ತಿಕ್ಕುವುದು, ಶಾಖ, ಜಗ್ಗಿ ಎಳೆಯುವುದು, ಮದ್ಯ, ಇವು ಯಾವುದೂ ಬೇಡ ಅನ್ನುವುದು.

ದೊಡ್ಡಪ್ಪ ತಿಕ್ಕಿದ್ದರಿಂದಲೇ ಹೀಗಾಯಿತು ಅಂತ ನಾನು ಹೇಳಲಿಲ್ಲ, ಈಗಲೂ ಹೇಳುವುದಿಲ್ಲ. ಯಾರೂ ತಿಕ್ಕದೆ ಇದ್ದರೂ ಜೋರು ಏಟಿಗೆ ಹೀಗೆ ಆಗುವುದುಂಟು. ಅದೇ ಜಾಗಕ್ಕೆ ಎರಡನೇ ಏಟೂ ಬಿದ್ದಿತ್ತು. ಆದರೆ ಐದು ದಿನದ ಬಿಸಿ ಎಣ್ಣೆ ಒಳ್ಳೆಯದನ್ನಂತೂ ಮಾಡಿಲ್ಲ.

ಇನ್ನೊಂದು ಭಯವನ್ನು ಮೂಳೆ ಡಾಕ್ಟರೇ ಬಾಯಿಬಿಟ್ಟು ಹೇಳಿದರು. ಈ ವಯಸ್ಸಿನ ಹುಡುಗರ ತೊಡೆಮೂಳೆಯಲ್ಲಿ ಕ್ಯಾನ್ಸರ್ ಗಡ್ಡೆಯೂ ಬರಬಹುದು, ಮೊದಮೊದಲು ಎರಡೂ ಒಂದೇ ಥರ ಕಾಣಬಹುದು. ಏಟು ಬಿದ್ದಿದ್ದು ಖಚಿತ ತಾನೇ, ರಾತ್ರಿ ನಿದ್ದೆಗೆಡಿಸುವ ನೋವಿದೆಯಾ, ತೂಕ ಇಳಿದಿದೆಯಾ ಅಂತೆಲ್ಲ ಕೇಳಿ, ಮೂರು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ಬರೆದರು. ಆ ಮೂರು ವಾರ ಅವ್ವ ಸರಿಯಾಗಿ ಊಟ ಮಾಡಲಿಲ್ಲ. ಎರಡನೇ ಎಕ್ಸ್‌ರೇಯಲ್ಲಿ ಗಂಟಿನ ಅಂಚು ಬೆಳ್ಳಗೆ ಗಟ್ಟಿಯಾಗಿ, ನಡುಭಾಗ ಮಸುಕಾಗಿ ಕಂಡಿತು. ಗಂಟಿಗೂ ಮೂಳೆಗೂ ನಡುವೆ ತೆಳ್ಳನೆಯ ಸಂದೂ ಇತ್ತು. ಇದು ಸಮಾಧಾನದ ಲಕ್ಷಣ. ಏಟಿನ ಗಂಟು ಅಂಚಿನಿಂದ ಒಳಕ್ಕೆ ಬಲಿಯುತ್ತದೆ. ಕೆಟ್ಟ ಗಡ್ಡೆಯಾದರೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಆವತ್ತು ಅವ್ವ ಕ್ಲಿನಿಕ್ಕಿನವರಿಗೆಲ್ಲ ಮದ್ದೂರು ವಡೆ ತಂದಿದ್ದರು.

ಆ ರಾತ್ರಿ ಮಾಡಬೇಕಾಗಿದ್ದು

ತೊಡೆಗೆ ಏಟು ಬಿದ್ದವರನ್ನು ನಾವು ಏನು ಮಾಡುತ್ತೇವೆ? ಕಾಲು ನೆಟ್ಟಗೆ ಚಾಚಿಸಿ, ಕೆಳಗೆ ದಿಂಬು ಕೊಟ್ಟು ಮಲಗಿಸುತ್ತೇವೆ. ಮಾಡಬೇಕಾಗಿದ್ದು ಇದರ ತದ್ವಿರುದ್ಧ. ಮಂಡಿಯನ್ನು ನೋವು ತಡೆಯುವಷ್ಟು ನಿಧಾನಕ್ಕೆ ಮಡಿಸುತ್ತಾ 120 ಡಿಗ್ರಿಗೆ ತಂದು, ಹಾಗೇ ಎಲಾಸ್ಟಿಕ್ ಬ್ಯಾಂಡೇಜಿನಿಂದ ತೊಡೆಯನ್ನೂ ಕಣಕಾಲನ್ನೂ ಸೇರಿಸಿ ಕಟ್ಟಿ, ಮೇಲೆ ಐಸ್ ಇಡಬೇಕು. ಬ್ಯಾಂಡೇಜನ್ನು 24 ಗಂಟೆ ಬಿಚ್ಚಬಾರದು. ಹೀಗೆ ಮಡಿಸಿದಾಗ ಸ್ನಾಯು ಬಿಗಿಯಾಗಿ ಚಾಚಿಕೊಂಡು ಒಳಗೆ ರಕ್ತ ತುಂಬಲು ಜಾಗ ಇರುವುದಿಲ್ಲ. ಮಾಯುವಾಗ ಉದ್ದವೂ ಉಳಿಯುತ್ತದೆ. ಅಮೆರಿಕದ ನೌಕಾ ಅಕಾಡೆಮಿಯಲ್ಲಿ 47 ಯುವಕರಿಗೆ ಏಟು ಬಿದ್ದ ಕೂಡಲೇ ಹೀಗೆ ಕಟ್ಟಿದ್ದರು. ಸರಾಸರಿ ಮೂರೂವರೆ ದಿನಕ್ಕೆ ಅವರು ಮತ್ತೆ ಆಟಕ್ಕಿಳಿದರು ಅಂತ 2006ರಲ್ಲಿ ವರದಿ ಬಂತು. ಮೂರೂವರೆ ದಿನ! ನಮ್ಮ ಹುಡುಗನಿಗೆ ಏಳು ತಿಂಗಳು.

ಒಂದು ಎಚ್ಚರಿಕೆ. ತೊಡೆ ಕಲ್ಲಿನ ಹಾಗೆ ಬಿಗಿದು, ನೋವು ಗಂಟೆಗಂಟೆಗೂ ಏರುತ್ತಾ, ಪಾದ ಜೋಮು ಹಿಡಿದರೆ ಕಟ್ಟುವುದೂ ಬೇಡ, ಐಸೂ ಬೇಡ. ಸೀದಾ ಆಸ್ಪತ್ರೆಗೆ ಓಡಬೇಕು. ಒಳಗಿನ ಒತ್ತಡಕ್ಕೆ ರಕ್ತ ಓಡಾಟವೇ ನಿಲ್ಲಬಹುದು.

ಇದನ್ನೆಲ್ಲ ದೊಡ್ಡಪ್ಪನಿಗೂ ಹೇಳಿದ್ದೆ. ಕೇಳಿಸಿಕೊಂಡರೋ ಇಲ್ಲವೋ ಅಂದುಕೊಂಡಿದ್ದೆ. ಮುಂದೆ ಒಂದು ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿದರು. ಇನ್ಯಾವನೋ ಹುಡುಗನಿಗೆ ಅದೇ ಥರ ಏಟು. "ಮಡಿಸಿ ಪಂಚೇಲಿ ಕಟ್ಟಿವ್ನಿ. ಐಸು ಮೀನಿನಂಗಡಿಯಿಂದ ತರಿಸ್ದೆ, ಒಸಿ ವಾಸ್ನೆ ಒಡೀತದೆ, ಪರ್ವಾಗಿಲ್ವಾ?"

ಪರವಾಗಿಲ್ಲ ಅಂದೆ. ಬಟ್ಟೆ ಸುತ್ತಿ ಇಡಿ, 20 ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಬೇಡ ಅಂದೆ.

ಮುಟ್ಟಬಾರದ ಜಾಗ, ಮುಟ್ಟಬೇಕಾದ ಜಾಗ

ಮತ್ತೆ ನಮ್ಮ ಹುಡುಗನ ವಿಷಯಕ್ಕೆ. ಗಂಟು ಬೆಳೆಯುತ್ತಿರುವಾಗ ಅದರ ಮೇಲೆ ಕೈ ಇಡುವಂತಿಲ್ಲ. ಹಾಗಂತ ಮಸಾಜಿಗೆ ಕೆಲಸವೇ ಇರಲಿಲ್ಲ ಅಂತಲ್ಲ. ಮೂರು ವಾರ ಕುಂಟಿದ್ದ. ಮಂಡಿ ಮಡಿಸದೆ ಸೊಂಟ ಎತ್ತಿ ಕಾಲು ಎಳೆದುಕೊಂಡು ನಡೆಯುತ್ತಿದ್ದ. ಬಲಗಡೆ ಮೀನಖಂಡ, ತೊಡೆಯ ಹಿಂಭಾಗ, ಸೊಂಟ ಎಲ್ಲವೂ ಹಗ್ಗ ಹೊಸೆದ ಹಾಗಿದ್ದವು. ಎಡಗಾಲಿನ ಮೀನಖಂಡ ಎರಡು ಕಾಲಿನ ಕೆಲಸ ಮಾಡಿ ಸೋತಿತ್ತು. ಅಲ್ಲೆಲ್ಲ ಕೆಲಸ ಇತ್ತು.

ಎರಡನೇ ಭೇಟಿಗೆ ದೊಡ್ಡಪ್ಪನೂ ಬಂದರು. ಕೈ ಕಟ್ಟಿಕೊಂಡು ಮೂಲೆಯಲ್ಲಿ ನಿಂತು ನೋಡಿದರು. ನಾನು ಹುಡುಗನನ್ನು ಬೋರಲು ಮಲಗಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಪಾದದಿಂದ ಮೇಲಕ್ಕೆ ಮೀನಖಂಡ ನೀವುತ್ತಿದ್ದೆ. ಐದು ನಿಮಿಷ ತಡೆದುಕೊಂಡರು.

"ಕೈ ಬಲೇ ಮೆತ್ತಗದೆ. ಇಂಗ್ ಸವರುದ್ರೆ ಏನಾದದು?"

ನನ್ನ ಮುಂಗೈ ಚಾಚಿ, ನೀವೇ ತೋರಿಸಿ ಅಂದೆ. ಹೆಬ್ಬೆರಳು ಇಟ್ಟರು ನೋಡಿ! ಒಂದೇ ಒತ್ತಿಗೆ ಸರಿಯಾದ ಗಂಟನ್ನೇ ಹುಡುಕಿದರು. ಒಳ್ಳೆಯ ಕೈ. ಕಾಲೇಜಿನಲ್ಲಿ ಕಲಿತು ಬರುವವರಿಗೆ ಇದು ಬರುವುದಕ್ಕೆ ವರ್ಷಗಟ್ಟಲೆ ಬೇಕು. ಅವರಿಗೆ ಬೇಕಾಗಿದ್ದು ಯಾವಾಗ, ಎಲ್ಲಿ ಅನ್ನುವ ತಿಳುವಳಿಕೆ ಅಷ್ಟೇ. ನಮ್ಮ ಭಾಷೆಯಲ್ಲೇ ನೀವುವುದು, ಒತ್ತುವುದು, ಹಿಸುಕುವುದು, ತಿಕ್ಕುವುದು ಬೇರೆ ಬೇರೆ ಇವೆ. ಬಾಣಂತಿಯ ಬೆನ್ನು ನೀವುವ ಕೈ, ಪೈಲ್ವಾನನ ತೊಡೆ ತಿಕ್ಕುವ ಕೈ ಒಂದೇ ಅಲ್ಲ ಅಂತ ಅವರಿಗೂ ಗೊತ್ತು. ಅದನ್ನೇ ಹಿಡಿದುಕೊಂಡು ಮಾತಾಡಿದೆ. ಬೇಗ ಒಪ್ಪಿದರು.

ಬಾಲ್‌ಪೆನ್ನಿನಿಂದ ಗಂಟಿನ ಸುತ್ತ, ಒಂದು ಅಂಗೈ ಅಗಲ ಬಿಟ್ಟು ಗೆರೆ ಎಳೆದೆ. ಇದರೊಳಗೆ ಕೈ ಇಡುವ ಹಾಗಿಲ್ಲ. ಮೀನಖಂಡ ಮತ್ತು ತೊಡೆಯ ಹಿಂಭಾಗ ವಾರಕ್ಕೆ ಮೂರು ದಿನ, ಕಾಲು ಕಾಲು ಗಂಟೆ, ದೊಡ್ಡಪ್ಪನ ಜವಾಬ್ದಾರಿ. ಮೀನಖಂಡ ಒಂದೇ ಕಡೆ ಊದಿ, ಕೆಂಪಾಗಿ, ಬಿಸಿಯಾಗಿ ಇದ್ದರೆ ಮಾತ್ರ ಮುಟ್ಟಬಾರದು, ನನಗೆ ಫೋನ್ ಮಾಡಬೇಕು. ಓಡಾಟ ಕಡಿಮೆಯಾದ ಕಾಲಿನಲ್ಲಿ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಪೆನ್ನಿನ ಗೆರೆ ಸ್ನಾನಕ್ಕೆ ಅಳಿಸಿಹೋದರೆ ಅವ್ವ ಮತ್ತೆ ಬರೆಯುತ್ತಿದ್ದರಂತೆ. ಮನೆಯಲ್ಲಿ ಅದಕ್ಕೆ ಲಕ್ಷ್ಮಣರೇಖೆ ಅಂತಲೇ ಹೆಸರು.

ಮಸಾಜಿನಿಂದ ಏನಾಯಿತು ಅಂತ ಕೇಳಿದರೆ, ಗಂಟು ಕರಗಲಿಲ್ಲ. ಕರಗುವುದೂ ಇಲ್ಲ. ಸೊಂಟದ ನೋವು ಎರಡು ವಾರಕ್ಕೆ ಹೋಯಿತು. ನಿದ್ದೆ ಬಂತು. ನಡಿಗೆ ಸರಿಯಾಯಿತು. ನನ್ನ ಮಾತಿನ ಮೇಲೆ ನಂಬಿಕೆ ಬಂತು. ಮಸಾಜ್ ಅಂದರೆ ಲ್ಯಾಕ್ಟಿಕ್ ಆಸಿಡ್ ಹಿಂಡಿ ತೆಗೆಯುವುದು ಅಂತ ಜಿಮ್ಮಿನವರು ಹೇಳುತ್ತಿರುತ್ತಾರಲ್ಲ, ಅದು ಸುಳ್ಳು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 11 ಯುವಕರನ್ನು ಸುಸ್ತಾಗುವ ತನಕ ಸೈಕಲ್ ತುಳಿಸಿ, ಒಂದು ತೊಡೆಗೆ ಮಾತ್ರ 10 ನಿಮಿಷ ಮಸಾಜ್ ಮಾಡಿ, ಎರಡೂ ತೊಡೆಯಿಂದ ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಿದರು. 2012ರಲ್ಲಿ ಪ್ರಕಟವಾಯಿತು. ಲ್ಯಾಕ್ಟಿಕ್ ಆಸಿಡ್ಡಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಉರಿಯೂತದ ಸೂಚನೆಗಳು ಮಾತ್ರ ಮಸಾಜ್ ಆದ ತೊಡೆಯಲ್ಲಿ ಕಡಿಮೆ ಇದ್ದವು. ಅದು ದಣಿದ ಸ್ನಾಯುವಿನ ಕಥೆ. ಜಜ್ಜಿದ ಸ್ನಾಯುವಿಗೆ ಅದನ್ನು ಅನ್ವಯಿಸಬಾರದು.

ನಿಜವಾದ ಕೆಲಸ ನಡೆದಿದ್ದು ಅವರ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ. ಗೋಡೆಗೆ ಒರಗಿ ಕೂತು, ಹಿಮ್ಮಡಿ ಕೆಳಗೆ ಪ್ಲಾಸ್ಟಿಕ್ ಕವರ್ ಇಟ್ಟುಕೊಂಡು, ಹಿಮ್ಮಡಿಯನ್ನು ತನ್ನ ಕಡೆಗೆ ಜಾರಿಸಿಕೊಳ್ಳುವುದು. ನೋವು ಶುರುವಾಗುವ ಮೊದಲೇ ನಿಲ್ಲಿಸುವುದು. ದಿನಕ್ಕೆ ನಾಲ್ಕು ಸಲ, ಸಲಕ್ಕೆ ಇಪ್ಪತ್ತು. ಹಿಮ್ಮಡಿ ಎಲ್ಲಿಯವರೆಗೆ ಬಂತೋ ಅಲ್ಲಿ ಸೀಮೆಸುಣ್ಣದ ಗುರುತು. ಇದರ ಜೊತೆ, ಕಾಲು ನೆಟ್ಟಗಿಟ್ಟು ತೊಡೆ ಬಿಗಿಹಿಡಿಯುವ ವ್ಯಾಯಾಮ. ಅಷ್ಟೇ. 55 ಇದ್ದದ್ದು ಆರನೇ ವಾರಕ್ಕೆ 80, ಏಳನೇ ವಾರಕ್ಕೆ 95 ಆಯಿತು.

ನಾನು ಮಾಡಿದ ಎಡವಟ್ಟು

95ರಲ್ಲಿ ಅಂಕ ನಿಂತುಬಿಟ್ಟಿತು. ಹತ್ತು ದಿನ ಒಂದು ಡಿಗ್ರಿಯೂ ಏರಲಿಲ್ಲ. 105, 110 ಆದರೆ ಸ್ಟ್ಯಾಟಿಕ್ ಸೈಕಲ್ಲಿನ ಪೆಡಲ್ ಪೂರ್ತಿ ಸುತ್ತಬಹುದು. ಅಷ್ಟಾದರೆ ಸಾಕು, ಮುಂದಿನದು ಸಲೀಸು. ಹುಡುಗನಿಗೂ ಆತುರ, ನನಗೂ ಆತುರ. ಆ ದಿನ ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದರು. ಬೋರಲು ಮಲಗಿಸಿ, ಹಿಮ್ಮಡಿ ಹಿಡಿದು ಪೃಷ್ಠದ ಕಡೆಗೆ ಒತ್ತಿದೆ. ಅವನು "ಪರ್ವಾಗಿಲ್ಲ ಸಾ, ತಡೀತೀನಿ" ಅಂದ. ತಡೀತೀನಿ ಅನ್ನುವ ಮಾತು ಕೇಳಿದ ತಕ್ಷಣ ನಾನು ಕೈ ಬಿಡಬೇಕಿತ್ತು. ಬಿಡಲಿಲ್ಲ. 102ರವರೆಗೆ ಹೋಯಿತು. ನನಗೆ ಖುಷಿ.

ಮಾರನೇ ದಿನ ಬೆಳಿಗ್ಗೆ ಅವ್ವನ ಫೋನ್. ತೊಡೆ ಮತ್ತೆ ಊದಿದೆ, ಬಿಸಿ ಇದೆ. ಎರಡು ದಿನ ಬಿಟ್ಟು ಅಳೆದರೆ 78. ದೊಡ್ಡಪ್ಪ ಐದು ದಿನ ಮಾಡಿದ್ದನ್ನು ನಾನು ಎರಡೇ ನಿಮಿಷದಲ್ಲಿ, ಎಲ್ಲ ಗೊತ್ತಿದ್ದೂ ಮಾಡಿದ್ದೆ. ಅವರ ಮುಂದೆ ಹಾಗೇ ಒಪ್ಪಿಕೊಂಡೆ. ಅವರು ನಗಲಿಲ್ಲ, ಬೈಯಲೂ ಇಲ್ಲ. "ಕೈ ಸುಮ್ಕಿರಾಕಿಲ್ಲ, ಅಲ್ವ್ರಾ?" ಅಂದರು. ಎರಡು ವಾರ ಹಿಂದಕ್ಕೆ ಹೋದೆವು. ಮಾರ್ಚಿನ ಟೂರ್ನಮೆಂಟ್ ಹೋಯಿತು. ಅದು ಹೇಗೂ ಹೋಗುವುದಿತ್ತು.

ಮತ್ತೆ ಅಂಗಳಕ್ಕೆ

ಆಮೇಲಿನ ತಿಂಗಳುಗಳು ಬೋರು. ಬೋರಾಗಿದ್ದದ್ದೇ ಒಳ್ಳೆಯದಾಯಿತು. ಮೂರನೇ ತಿಂಗಳಿಗೆ 110, ಸೈಕಲ್ ಶುರು. ನಾಲ್ಕನೇ ತಿಂಗಳ ಎಕ್ಸ್‌ರೇಯಲ್ಲಿ ಗಂಟಿನ ಅಂಚು ಚೊಕ್ಕವಾಗಿ ಕಂಡಿತು, ಮುಟ್ಟಿದರೆ ಬಿಸಿ ಇಲ್ಲ. ಬೆಳೆಯುವುದು ನಿಂತಿದೆ ಅಂತ ಡಾಕ್ಟರು ಹೇಳಿದ ಮೇಲೆಯೇ ನಾನು ತೊಡೆಯ ಮುಂಭಾಗಕ್ಕೆ ಕೈ ಇಟ್ಟಿದ್ದು. ಅದೂ ಗಂಟಿನ ಮೇಲಲ್ಲ. ಮಂಡಿಚಿಪ್ಪಿನ ಮೇಲ್ಭಾಗ, ತೊಡೆಯ ಎರಡು ಪಕ್ಕ, ಸೊಂಟದ ಬುಡ. ನಾಲ್ಕು ತಿಂಗಳು ಕೆಲಸವಿಲ್ಲದೆ ಬಲತೊಡೆ ಸಣ್ಣಗಾಗಿತ್ತು. ಮಂಡಿಯಿಂದ 10 ಸೆಂಟಿಮೀಟರ್ ಮೇಲೆ ಟೇಪ್ ಹಿಡಿದರೆ ಎಡಗಾಲಿಗಿಂತ 3 ಸೆಂಟಿಮೀಟರ್ ಕಮ್ಮಿ. ಅದಕ್ಕೆ ಮಸಾಜ್ ಏನೂ ಮಾಡಲಾರದು. ಕುರ್ಚಿಯಿಂದ ಎದ್ದು ಕೂರುವುದು, ಮೆಟ್ಟಿಲು ಹತ್ತುವುದು, ಕೊನೆಗೆ ಒಂಟಿಕಾಲಲ್ಲಿ ಬಸ್ಕಿ. ಗೊಬ್ಬರದ ಚೀಲಕ್ಕೆ ಮರಳು ತುಂಬಿ ಹೆಗಲಿಗೆ ಹಾಕಿಕೊಂಡು ಮಾಡುತ್ತಿದ್ದ.

ಐದನೇ ತಿಂಗಳಿಗೆ ಓಟ. ಆರಕ್ಕೆ ಮ್ಯಾಟಿನ ಮೇಲೆ ಹೆಜ್ಜೆ, ಟೋ ಟಚ್, ತಿರುಗುವುದು. ಹಿಡಿತ ಬಿಡಿಸಿಕೊಳ್ಳುವ ಅಭ್ಯಾಸ ಎಲ್ಲಕ್ಕಿಂತ ಕೊನೆಗೆ, ಅದೂ ಗೆಳೆಯರ ಜೊತೆ ಮೆಲ್ಲಗೆ. ಆಡಲು ಬಿಡುವ ಮುಂಚೆ ಮೂರು ವಿಷಯ ನೋಡಿದೆ. ಒಂಟಿಕಾಲಿನ ನೆಗೆತದಲ್ಲಿ ಬಲಗಾಲು ಎಡಗಾಲಿನ ಶೇಕಡಾ 90ರಷ್ಟಾದರೂ ದೂರ ಹೋಗಬೇಕು. 30 ಸೆಕೆಂಡಿನ ರೈಡನ್ನು ಒಂದರ ಹಿಂದೊಂದು ಹತ್ತು ಸಲ ಮಾಡಿದರೂ ಮಾರನೇ ದಿನ ತೊಡೆ ಊದಬಾರದು. ಏಟಿಗೆ ಹೆದರಿ ಬಲಗಾಲು ಹಿಂದಿಡಬಾರದು. ಮೂರನೆಯದಕ್ಕೇ ಜಾಸ್ತಿ ದಿನ ಹಿಡಿಯಿತು. ಹಳೇ ಯೋಗ ಮ್ಯಾಟ್ ಕತ್ತರಿಸಿ ಎರಡು ಪದರ ಮಾಡಿ, ಚಡ್ಡಿಯೊಳಗೆ ತೊಡೆಗೆ ಕಟ್ಟಿಕೊಳ್ಳುವಂತೆ ಅವ್ವ ಹೊಲಿದುಕೊಟ್ಟರು.

ಗಣೇಶನ ಹಬ್ಬದ ಪಂದ್ಯಾವಳಿಯಲ್ಲಿ ಮೊದಲಾರ್ಧ ಹೊರಗೆ ಕೂತಿದ್ದು, ದ್ವಿತೀಯಾರ್ಧದಲ್ಲಿ ಇಳಿದ. ನಾನು ಹೋಗಿರಲಿಲ್ಲ. ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಕಳಿಸಿದ. ಮೊದಲ ರೈಡ್ ಖಾಲಿ. ಎರಡನೆಯದರಲ್ಲಿ ಸಿಕ್ಕಿಬಿದ್ದ. ಮೂರನೆಯದರಲ್ಲಿ ಒಂದು ಪಾಯಿಂಟ್.

ಗಂಟು ಈಗಲೂ ಇದೆ. ಸ್ವಲ್ಪ ಕುಗ್ಗಿದೆ, ನೋವಿಲ್ಲ. ಆಪರೇಷನ್ ಬೇಕಾಗಲಿಲ್ಲ. ಮಾಡುವುದಿದ್ದರೂ ಅದು ಪೂರ್ತಿ ಬಲಿತ ಮೇಲೆಯೇ, ಇಲ್ಲದಿದ್ದರೆ ಮತ್ತೆ ಬೆಳೆಯಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮಂಡಿ 134ಕ್ಕೆ ನಿಲ್ಲುತ್ತದೆ. ಆಟಕ್ಕೆ ಅಷ್ಟು ಸಾಕು. ಮದುವೆ ಮನೆಯಲ್ಲಿ ನೆಲದ ಪಂಕ್ತಿಗೆ ಕೂತರೆ ಮಾತ್ರ ಪಾಯಸ ಬರುವ ಹೊತ್ತಿಗೆ ಬಲಗಾಲನ್ನು ಒಂದು ಸಲ ಚಾಚಿಕೊಳ್ಳುತ್ತಾನಂತೆ.